ಜ್ಯಾಕ್ ಕಟ್ಟಿದ ಮನೆ: ಒಂದು ಸಂಚಯಿ ಶಿಶುಗೀತೆಯ ಮೂಲ, ಪಾತ್ರಗಳು ಮತ್ತು ವಾಕ್ಯರಚನೆ

ಶಿಶುಗೀತೆಗಳ ಮೂಲವನ್ನು ಅರಸುವ ಬರಹಗಳಲ್ಲಿ ಒಂದು ಅಭ್ಯಾಸ ಬೇರೂರಿದೆ. ಎರಡು ಪಠ್ಯಗಳು ಒಂದನ್ನೊಂದು ಹೋಲುತ್ತವೆ ಎಂದು ಕಂಡೊಡನೆ, ಅವುಗಳಲ್ಲಿ ಹಳೆಯದು ತಾಯಿ, ಹೊಸದು ಮಗು ಎಂದು ತೀರ್ಮಾನಿಸಿಬಿಡುವುದು. ಭಾಷೆಗಳ ವಿಷಯದಲ್ಲಿ ಈ ಬಗೆಯ ತರ್ಕವನ್ನು ಐತಿಹಾಸಿಕ ಭಾಷಾವಿಜ್ಞಾನ ಎಂದೋ ಕೈಬಿಟ್ಟಿದೆ. ಸಾದೃಶ್ಯಕ್ಕೆ ಸಮಾನ ಮೂಲವೂ ಕಾರಣವಾಗಬಹುದು, ಎರವಲೂ ಕಾರಣವಾಗಬಹುದು, ರಚನಾಸಾಮ್ಯವುಳ್ಳ ಭಾಷೆಗಳು ಒಂದೇ ಅಗತ್ಯಕ್ಕೆ ಒಂದೇ ಪರಿಹಾರವನ್ನು ಕಂಡುಕೊಂಡದ್ದೂ ಕಾರಣವಾಗಬಹುದು. ಈ ಮೂರನ್ನೂ ಬೇರ್ಪಡಿಸದೆ ವಂಶವೃಕ್ಷವನ್ನು ಬರೆಯುವಂತಿಲ್ಲ. ಆದರೆ ಮೌಖಿಕ ಪಠ್ಯಗಳ ಚರಿತ್ರೆಯಲ್ಲಿ ಈ ಎಚ್ಚರಿಕೆ ಅಷ್ಟಾಗಿ ಪಾಲನೆಯಾಗಿಲ್ಲ. ಪ್ರಸ್ತುತ ಲೇಖನವು ‘ದಿ ಹೌಸ್ ದಟ್ ಜ್ಯಾಕ್ ಬಿಲ್ಟ್’ ಎಂಬ ಇಂಗ್ಲಿಷ್ ಶಿಶುಗೀತೆಯ ಮೂಲದ ಬಗ್ಗೆ ಸುಮಾರು ನೂರೆಂಬತ್ತು ವರ್ಷಗಳಿಂದ ಪುನರುಕ್ತವಾಗುತ್ತಿರುವ ಒಂದು ವಾದವನ್ನು ಈ ದೃಷ್ಟಿಯಿಂದ ಪರಿಶೀಲಿಸುತ್ತದೆ.

ಗೀತೆಯ ಸ್ವರೂಪವನ್ನು ಮೊದಲು ನೋಡೋಣ. ಅದು ಮೂಲತಃ ಒಂದೇ ವಾಕ್ಯ. ಪ್ರತಿ ನುಡಿಯಲ್ಲೂ ಆ ವಾಕ್ಯ ಒಂದು ಕೊಂಡಿಯಷ್ಟು ಹಿಗ್ಗುತ್ತದೆ. ಮೊದಲು ಜ್ಯಾಕ್ ಕಟ್ಟಿದ ಮನೆಯನ್ನು ಬೆರಳುಮಾಡಿ ತೋರಿಸಲಾಗುತ್ತದೆ. ಬಳಿಕ ಆ ಮನೆಯಲ್ಲಿದ್ದ ಮಾಲ್ಟ್, ಅಂದರೆ ಮೊಳಕೆ ಬರಿಸಿ ಒಣಗಿಸಿದ ಧಾನ್ಯ. ಮುಂದೆ ಇಲಿ, ಬೆಕ್ಕು, ನಾಯಿ, ಹಸು, ಹಾಲು ಕರೆಯುವ ಹುಡುಗಿ, ಹರಕು ಬಟ್ಟೆಯ ಗಂಡಸು, ಪಾದ್ರಿ, ಹುಂಜ, ಕೊನೆಗೆ ರೈತ. ಕೆಲವು ಪಾಠಗಳು ಕುದುರೆ, ಬೇಟೆನಾಯಿ, ಕಹಳೆಗಳನ್ನೂ ಸೇರಿಸಿ ಒಂದು ಹೆಜ್ಜೆ ಮುಂದೆ ಹೋಗುತ್ತವೆ. ಪ್ರತಿಯೊಂದು ನುಡಿಯೂ ಹೊಸಬನಿಂದ ಆರಂಭವಾಗಿ ಹಳಬರೆಲ್ಲರನ್ನೂ ಹಿಮ್ಮುಖವಾಗಿ ಹಾದು ಜ್ಯಾಕನ ಕ್ರಿಯೆಯಲ್ಲಿ ನಿಲ್ಲುತ್ತದೆ.

ಮುದ್ರಣದಲ್ಲಿ ಇದು ಮೊದಲು ಕಾಣಿಸಿಕೊಳ್ಳುವುದು 1755ರಲ್ಲಿ, ‘ನರ್ಸ್ ಟ್ರೂಲವ್ಸ್ ನ್ಯೂ ಇಯರ್ಸ್ ಗಿಫ್ಟ್’ ಎಂಬ ಪುಟ್ಟ ಪುಸ್ತಕದಲ್ಲಿ. ಮಕ್ಕಳ ಪುಸ್ತಕೋದ್ಯಮಕ್ಕೆ ಲಂಡನ್ನಿನಲ್ಲಿ ಅಡಿಪಾಯ ಹಾಕಿದ ಜಾನ್ ನ್ಯೂಬರಿಯ ಪ್ರಕಟಣೆಗಳ ಬಳಗಕ್ಕೆ ಸೇರಿದ ಪುಸ್ತಕವದು. ಅನಂತರದ ಜನಪ್ರಿಯತೆಗೆ ಒಂದೆರಡು ಉದಾಹರಣೆಗಳು ಸಾಕು. 1819ರ ಆಗಸ್ಟ್ 16ರಂದು ಮ್ಯಾಂಚೆಸ್ಟರಿನಲ್ಲಿ ಪೀಟರ್‌ಲೂ ಹತ್ಯಾಕಾಂಡ ನಡೆದ ಬಳಿಕ, ಅದೇ ವರ್ಷ ವಿಲಿಯಂ ಹೋನ್ ಈ ಗೀತೆಯ ಅಚ್ಚಿನಲ್ಲಿ ಸರ್ಕಾರದ ವಿರುದ್ಧ ಒಂದು ವಿಡಂಬನೆಯನ್ನು ರಚಿಸಿದ. ಜಾರ್ಜ್ ಕ್ರೂಕ್‌ಶಾಂಕನ ಚಿತ್ರಗಳೊಡನೆ ಅದು ಮುದ್ರಣದ ಮೇಲೆ ಮುದ್ರಣ ಕಂಡಿತು. 1878ರಲ್ಲಿ ರ‍್ಯಾಂಡಾಲ್ಫ್ ಕಾಲ್ಡೆಕಾಟ್ ತನ್ನ ಚಿತ್ರಪುಸ್ತಕಗಳ ಮಾಲೆಯನ್ನು ಆರಂಭಿಸಿದಾಗ ಆರಿಸಿಕೊಂಡ ಪಠ್ಯಗಳಲ್ಲಿ ಇದೂ ಒಂದು. ಶ್ರಾಪ್‌ಶೈರಿನ ಚೆರಿಂಗ್ಟನ್ ಎಂಬಲ್ಲಿ ಮರದ ಚೌಕಟ್ಟಿನ ಹಳೆಯ ಮನೆಯೊಂದನ್ನು ‘ಇದೇ ಆ ಮನೆ’ ಎಂದು ತೋರಿಸುವ ಸ್ಥಳೀಯ ನಂಬಿಕೆಯೂ ಇದೆ. ಇಂಥ ನಂಬಿಕೆಗಳು ಗೀತೆಯ ಪ್ರಚಾರವನ್ನು ಸಾರುತ್ತವೆಯೇ ಹೊರತು ಮೂಲವನ್ನಲ್ಲ.

ಹ್ಯಾಲಿವೆಲ್‌ನ ವಾದ

1840ರ ದಶಕದಲ್ಲಿ ಇಂಗ್ಲಿಷ್ ಶಿಶುಗೀತೆಗಳನ್ನು ಮೊದಲ ಬಾರಿಗೆ ವಿದ್ವತ್ತಿನ ವಿಷಯವಾಗಿಸಿದ ಜೇಮ್ಸ್ ಆರ್ಚರ್ಡ್ ಹ್ಯಾಲಿವೆಲ್, ಈ ಗೀತೆಯ ಮೂಲವು ಯಹೂದಿಗಳ ‘ಹದ್ ಗದ್ಯಾ’ (‘ಒಂದು ಮೇಕೆಮರಿ’) ಎಂಬ ಹಾಡಿನಲ್ಲಿದೆ ಎಂದು ಸೂಚಿಸಿದ. ಪೆಸಹ ಹಬ್ಬದ ರಾತ್ರಿ ಓದುವ ಹಗ್ಗದಾ ಗ್ರಂಥದ ಕೊನೆಯಲ್ಲಿ ಬರುವ ಹಾಡಿದು. ತಂದೆಯೊಬ್ಬ ಎರಡು ನಾಣ್ಯಗಳಿಗೆ ಕೊಂಡ ಮೇಕೆಮರಿಯನ್ನು ಬೆಕ್ಕು ತಿನ್ನುತ್ತದೆ. ಬೆಕ್ಕನ್ನು ನಾಯಿ ಕಚ್ಚುತ್ತದೆ, ನಾಯಿಯನ್ನು ಕೋಲು ಹೊಡೆಯುತ್ತದೆ, ಕೋಲನ್ನು ಬೆಂಕಿ ಸುಡುತ್ತದೆ, ಬೆಂಕಿಯನ್ನು ನೀರು ಆರಿಸುತ್ತದೆ, ನೀರನ್ನು ಎತ್ತು ಕುಡಿಯುತ್ತದೆ, ಎತ್ತನ್ನು ಕಟುಕ ಕೊಯ್ಯುತ್ತಾನೆ, ಕಟುಕನನ್ನು ಮೃತ್ಯುದೂತ ಕೊಲ್ಲುತ್ತಾನೆ, ಮೃತ್ಯುದೂತನನ್ನು ದೇವರು ಸಂಹರಿಸುತ್ತಾನೆ. ಪ್ರತಿ ನುಡಿಯೂ ಹಿಂದಿನ ಸರಣಿಯನ್ನೆಲ್ಲ ಮರಳಿ ಹೇಳಿ ತಂದೆಯ ಕೊಳ್ಳುವಿಕೆಗೆ ಬಂದು ನಿಲ್ಲುತ್ತದೆ.

ಸಾಮ್ಯ ಕಣ್ಣಿಗೆ ಹೊಡೆಯುವಂತಿದೆ. ವಾಕ್ಯರಚನೆಯ ಮಟ್ಟದಲ್ಲಿ ಅದು ಹ್ಯಾಲಿವೆಲ್ ಗಮನಿಸಿದ್ದಕ್ಕಿಂತಲೂ ಆಳವಾದದ್ದು. ಎರಡೂ ಪಠ್ಯಗಳಲ್ಲಿ ಸರಪಣಿಯನ್ನು ಹೆಣೆಯುವುದು ವಿಶೇಷಣ ಉಪವಾಕ್ಯ. ಇಂಗ್ಲಿಷಿನ ‘ದಟ್’ ಮತ್ತು ಅರಮಾಯಿಕಿನ ‘ದ’ ಎಂಬ ಸಂಬಂಧಸೂಚಕಗಳೆರಡೂ ವಿಶೇಷ್ಯದ ಬಲಕ್ಕೆ ಬಂದು, ತಮ್ಮ ಉಪವಾಕ್ಯದ ಕೊನೆಯಲ್ಲಿ ಇನ್ನೊಂದು ವಿಶೇಷ್ಯಕ್ಕೆ ಎಡೆಮಾಡುತ್ತವೆ. ಇನ್ನೂ ಸೂಕ್ಷ್ಮವಾದ ಹೋಲಿಕೆಯೊಂದಿದೆ. ಇಂಗ್ಲಿಷ್ ಗೀತೆಯ ಸರಪಣಿಯಲ್ಲಿ ಎಲ್ಲ ಉಪವಾಕ್ಯಗಳೂ ಕರ್ತೃವಿಶೇಷಣಗಳು: ವಿಶೇಷ್ಯವೇ ಉಪವಾಕ್ಯದ ಕ್ರಿಯೆಯ ಕರ್ತೃ. ತಿಂದದ್ದು ಇಲಿ, ಕೊಂದದ್ದು ಬೆಕ್ಕು. ಅತ್ಯಂತ ಒಳಗಿನದೊಂದು ಮಾತ್ರ ಕರ್ಮವಿಶೇಷಣ: ಮನೆ ಕಟ್ಟಲಿಲ್ಲ, ಕಟ್ಟಲ್ಪಟ್ಟಿತು, ಕಟ್ಟಿದವನು ಜ್ಯಾಕ್. ‘ಹದ್ ಗದ್ಯಾ’ದಲ್ಲೂ ಹೀಗೆಯೇ. ತಳದಲ್ಲಿರುವ ಮೇಕೆಮರಿ ಮಾತ್ರ ಕರ್ಮ, ಕೊಂಡವನು ತಂದೆ. ಕೀನನ್ ಮತ್ತು ಕಾಮ್ರಿ 1977ರಲ್ಲಿ ಮಂಡಿಸಿದ ಶ್ರೇಣಿಯ ಪ್ರಕಾರ ವಿಶೇಷಣೀಕರಣಕ್ಕೆ ಅತ್ಯಂತ ಸುಲಭವಾಗಿ ಒದಗುವುದು ಕರ್ತೃಸ್ಥಾನ, ಅದರ ಬೆನ್ನಿಗೆ ಕರ್ಮಸ್ಥಾನ. ಎರಡೂ ಹಾಡುಗಳು ಈ ಶ್ರೇಣಿಯ ಮೊದಲೆರಡು ಮೆಟ್ಟಿಲುಗಳಲ್ಲೇ ತಮ್ಮ ಕೆಲಸವನ್ನು ಮುಗಿಸುತ್ತವೆ.

ಇಷ್ಟು ನಿಕಟವಾದ ಸಾಮ್ಯ ವಂಶಸಂಬಂಧವನ್ನು ಸಾಧಿಸುವುದಿಲ್ಲವೇ? ಸಾಧಿಸುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ಬಂಧುತ್ವವನ್ನು ನಿರ್ಣಯಿಸುವಾಗ ತೂಕ ಬೀಳುವುದು ಸಕಾರಣವಾದ ಸಾಮ್ಯಗಳಿಗಲ್ಲ, ಅಕಾರಣವಾದವುಗಳಿಗೆ. ಮೆಯೆ ಒತ್ತಿಹೇಳಿದಂತೆ, ಬೇರಾವ ಕಾರಣದಿಂದಲೂ ವಿವರಿಸಲಾಗದ ವೈಚಿತ್ರ್ಯಗಳಿಗೆ. ಮೇಲಿನ ಸಾಮ್ಯಗಳಿಗಾದರೋ ಕಾರಣಗಳಿವೆ. ವಿಶೇಷಣ ಉಪವಾಕ್ಯವು ವಿಶೇಷ್ಯದ ಬಲಕ್ಕೆ ಬರುವ, ಕರ್ಮಪದವು ಕ್ರಿಯಾಪದದ ಬಲಕ್ಕೆ ಬರುವ ಯಾವುದೇ ಭಾಷೆಯಲ್ಲಿ ಇಂಥ ಸರಪಣಿ ತಾನಾಗಿ ಲಭ್ಯ. ಪ್ರತಿ ಹೊಸ ಪಾತ್ರವೂ ಹಳೆಯದರ ಮೇಲೆ ಏನನ್ನಾದರೂ ಮಾಡಬೇಕು, ಆದ್ದರಿಂದ ಕರ್ತೃವಿಶೇಷಣ. ಸರಪಣಿಗೆ ಎಲ್ಲಿಯಾದರೂ ತಳ ಬೇಕು. ತಳದಲ್ಲಿರುವುದು ಯಾರ ಮೇಲೂ ಏನನ್ನೂ ಮಾಡದ ವಸ್ತುವಾಗಿರಬೇಕು. ಅಂಥ ವಸ್ತುವನ್ನು ಗುರುತಿಸಲು ಅದನ್ನು ಮಾಡಿದವನ ಅಥವಾ ಕೊಂಡವನ ಹೆಸರಿಗಿಂತ ಸಹಜವಾದ ಗುರುತಿಲ್ಲ.

ಅಕಾರಣವಾದ ಸಾಮ್ಯ ಎಲ್ಲಿದೆ ಎಂದು ಹುಡುಕಿದರೆ ಅದು ಸಿಗುವುದು ಪಾತ್ರಗಳ ಸರಣಿಯಲ್ಲಿ. ನಾಯಿ, ಕೋಲು, ಬೆಂಕಿ, ನೀರು, ಎತ್ತು, ಕಟುಕ: ಇದೇ ಆರು ಇದೇ ಕ್ರಮದಲ್ಲಿ ಇಂಗ್ಲಿಷಿನ ಇನ್ನೊಂದು ಸರಪಣಿ ಕಥೆಯಲ್ಲಿವೆ. ಅದು ‘ಮುದುಕಿ ಮತ್ತು ಅವಳ ಹಂದಿ’. ಬೇಲಿ ದಾಟಲೊಲ್ಲದ ಹಂದಿಯನ್ನು ಕಚ್ಚೆಂದು ಮುದುಕಿ ನಾಯಿಯನ್ನು ಕೇಳುತ್ತಾಳೆ, ನಾಯಿ ಒಲ್ಲೆನ್ನುತ್ತದೆ, ನಾಯಿಯನ್ನು ಹೊಡೆಯೆಂದು ಕೋಲನ್ನು ಕೇಳುತ್ತಾಳೆ, ಹೀಗೆಯೇ ಸಾಗುತ್ತದೆ. ಜರ್ಮನ್ ಭಾಷಿಕರಲ್ಲಿ ಪ್ರಚಲಿತವಾದ ಯೋಕೆಲನ ಹಾಡಿನಲ್ಲೂ, ಓಟ್ಸ್ ಕೊಯ್ಯಲು ಹೋಗಿ ಕೊಯ್ಯದೆ ಕುಳಿತ ಯೋಕೆಲನ ಬೆನ್ನಿಗೆ ಯಜಮಾನ ಕಳುಹಿಸುವುದು ಇದೇ ನಾಯಿ, ಕೋಲು, ಬೆಂಕಿ, ನೀರು, ಎತ್ತು, ಕಟುಕರನ್ನು. ಕಥಾಪ್ರಕಾರಗಳ ಅಂತರರಾಷ್ಟ್ರೀಯ ಸೂಚಿಯು ಹಂದಿಯ ಕಥೆಗೆ 2030 ಎಂದೂ ಜ್ಯಾಕನ ಮನೆಗೆ 2035 ಎಂದೂ ಬೇರೆ ಬೇರೆ ಸಂಖ್ಯೆಗಳನ್ನು ಕೊಟ್ಟಿರುವುದು ಸರಿಯಾಗಿಯೇ ಇದೆ. ಜ್ಯಾಕನ ಮನೆಯಲ್ಲಿ ಕೋಲಿಲ್ಲ, ಬೆಂಕಿಯಿಲ್ಲ, ನೀರಿಲ್ಲ, ಕಟುಕನಿಲ್ಲ. ಬೆಕ್ಕು ಮತ್ತು ನಾಯಿಯ ಹಗೆ ಮಾತ್ರ ಸಮಾನ. ಆ ಹಗೆಯನ್ನು ಯಾರೂ ಯಾರಿಂದಲೂ ಎರವಲು ಪಡೆಯಬೇಕಾಗಿಲ್ಲ.

ಭಾಷಾಸಂಪರ್ಕದ ಅಧ್ಯಯನಗಳಲ್ಲಿ ನಾವು ದ್ರವ್ಯದ ಎರವಲು ಮತ್ತು ವಿನ್ಯಾಸದ ಎರವಲು ಎಂಬ ಭೇದವನ್ನು ಮಾಡುತ್ತೇವೆ. ಆ ಭೇದ ಇಲ್ಲಿಗೂ ಸಲ್ಲುತ್ತದೆ. ‘ಹದ್ ಗದ್ಯಾ’ದ ದ್ರವ್ಯ ಯೋಕೆಲನ ಮತ್ತು ಹಂದಿಯ ಕಥೆಗಳ ಮನೆತನದ್ದು, ಅದರ ವಿನ್ಯಾಸ ಜ್ಯಾಕನ ಮನೆಯದನ್ನು ಹೋಲುತ್ತದೆ. ಹ್ಯಾಲಿವೆಲ್ ವಿನ್ಯಾಸವನ್ನು ಕಂಡು ದ್ರವ್ಯದ ಸಂಬಂಧವನ್ನು ಊಹಿಸಿದ. ಯೋಕೆಲನ ಹಾಡಿನಲ್ಲಿ ವಿಶೇಷಣ ಉಪವಾಕ್ಯಗಳ ಸರಪಣಿಯಿಲ್ಲ. ಅಲ್ಲಿ ‘ನಾಯಿ ಕಚ್ಚುವುದಿಲ್ಲ, ಕೋಲು ಹೊಡೆಯುವುದಿಲ್ಲ’ ಎಂಬಂತೆ ಸ್ವತಂತ್ರ ವಾಕ್ಯಗಳು ಒಂದರ ಪಕ್ಕದಲ್ಲೊಂದು ನಿಲ್ಲುತ್ತವೆ. ಒಂದೇ ಪಾತ್ರಸರಣಿ ಒಂದೆಡೆ ಉಪವಾಕ್ಯಗಳಲ್ಲಿ, ಇನ್ನೊಂದೆಡೆ ಸ್ವತಂತ್ರ ವಾಕ್ಯಗಳಲ್ಲಿ ಬರುತ್ತದೆಂದ ಮೇಲೆ ದ್ರವ್ಯ ಮತ್ತು ವಿನ್ಯಾಸಗಳು ಬೇರೆ ಬೇರೆಯಾಗಿ ಸಂಚರಿಸಬಲ್ಲವು ಎಂಬುದು ಸ್ಪಷ್ಟ.

ಕಾಲದ ದೃಷ್ಟಿಯಿಂದಲೂ ಹ್ಯಾಲಿವೆಲ್‌ನ ವಾದ ದುರ್ಬಲ. ಅರಮಾಯಿಕ್ ಎಂದೊಡನೆ ಪ್ರಾಚೀನತೆಯ ಭಾವನೆ ಮೂಡುವುದು ಸಹಜ. ಆದರೆ ಈ ಹಾಡು ಹಗ್ಗದಾ ಗ್ರಂಥದಲ್ಲಿ ಮುದ್ರಿತವಾದದ್ದು ಮೊದಲಿಗೆ 1590ರಲ್ಲಿ, ಪ್ರಾಗ್ ನಗರದಲ್ಲಿ. ಅದರ ಅರಮಾಯಿಕಿನಲ್ಲಿ ಹೀಬ್ರೂ ಪದಗಳು ಬೆರೆತಿವೆ, ವ್ಯಾಕರಣವೂ ಅಲ್ಲಲ್ಲಿ ತಪ್ಪಿದೆ. ಪ್ರಸಿದ್ಧವಾದ ಉದಾಹರಣೆ ತಂದೆಯ ಕ್ರಿಯೆಯದೇ. ಅರಮಾಯಿಕಿನಲ್ಲಿ ಆ ಧಾತುವಿನ ಸರಳ ರೂಪಕ್ಕೆ ‘ಕೊಳ್ಳು’ ಎಂದೂ ನಡುವ್ಯಂಜನ ಇಮ್ಮಡಿಸಿದ ರೂಪಕ್ಕೆ ‘ಮಾರು’ ಎಂದೂ ಅರ್ಥ. ಪ್ರಚಲಿತ ಪಾಠದಲ್ಲಿರುವುದು ಎರಡನೆಯದರಂತೆ ತೋರುವ ರೂಪ. ಸಂದರ್ಭ ಬೇಡುವುದು ಮೊದಲನೆಯದನ್ನು. ಆಡುಭಾಷೆಯಾಗಿ ಅರಮಾಯಿಕನ್ನು ಬಲ್ಲವರು ಹೀಗೆ ಎಡವುವುದು ಕಷ್ಟ. ಅದನ್ನು ಗ್ರಂಥಭಾಷೆಯಾಗಿ ಮಾತ್ರ ಕಲಿತ ಮಧ್ಯ ಯುರೋಪಿನವರ ಕೃತಿಯೆಂದರೆ ಎಲ್ಲವೂ ಹೊಂದಿಕೊಳ್ಳುತ್ತದೆ. ಬೆಕ್ಕು ಮೇಕೆಮರಿಯನ್ನು ತಿನ್ನುವುದೂ ಇದೇ ದಿಕ್ಕಿಗೆ ಬೊಟ್ಟುಮಾಡುತ್ತದೆ. ಬೆಕ್ಕಿಗೆ ಸಲ್ಲುವ ಬೇಟೆ ಅದಲ್ಲ. ಮೊದಲೇ ಇದ್ದ ಒಂದು ಸರಣಿಯ ತಳದಲ್ಲಿ ಹಬ್ಬಕ್ಕೆ ಒಪ್ಪುವ ಪ್ರಾಣಿಯನ್ನು ಕೂರಿಸಿದಾಗ ಉಳಿಯುವ ಹೊಲಿಗೆಯ ಗುರುತಿನಂತೆ ಅದು ಕಾಣುತ್ತದೆ.

ಪಾತ್ರಗಳು ಮತ್ತು ಪ್ರಾಸ

ಜ್ಯಾಕನ ಮನೆಯ ಪಾತ್ರಗಳನ್ನು ಕ್ರಿಯಾಪದಗಳ ಮೂಲಕ ನೋಡಿದರೆ ಗೀತೆ ಎರಡಾಗಿ ಸೀಳುತ್ತದೆ. ಇಲಿಯಿಂದ ಹಸುವಿನವರೆಗೆ ತಿನ್ನುವ, ಕೊಲ್ಲುವ, ಕಾಡುವ, ಕೊಂಬಿನಿಂದ ಎತ್ತಿ ಒಗೆಯುವ ಕ್ರಿಯೆಗಳು. ಹುಡುಗಿಯಿಂದಾಚೆ ಕರೆಯುವ, ಮುದ್ದಿಸುವ, ಮದುವೆ ಮಾಡಿಸುವ, ಎಬ್ಬಿಸುವ, ಬಿತ್ತುವ ಕ್ರಿಯೆಗಳು. ಹಸು ಎರಡರ ಕೀಲು: ನಾಯಿಯನ್ನು ಒಗೆದದ್ದೂ ಅದೇ, ಹಾಲು ಕರೆಸಿಕೊಂಡದ್ದೂ ಅದೇ. ಪ್ರಾಸದ ದೃಷ್ಟಿಯಿಂದಲೂ ಸೀಳು ಇಲ್ಲಿಯೇ ಬೀಳುತ್ತದೆ. ಇಲಿ, ಬೆಕ್ಕು, ನಾಯಿಗಳಿಗೆ ಯಾವ ಬಣ್ಣನೆಯೂ ಇಲ್ಲ. ಹಸುವಿನ ಡೊಂಕು ಕೊಂಬು ಪ್ರವೇಶಿಸಿದ ಕ್ಷಣದಿಂದ ಪ್ರತಿಯೊಬ್ಬರಿಗೂ ಬಣ್ಣನೆ ದೊರೆಯುತ್ತದೆ, ಪ್ರತಿ ಬಣ್ಣನೆಯೂ ‘ಹಾರ್ನ್’ ಎಂಬುದರೊಡನೆ ಪ್ರಾಸಗೂಡುತ್ತದೆ: ಫರ್‌ಲಾರ್ನ್, ಟಾರ್ನ್, ಶಾರ್ನ್, ಮಾರ್ನ್, ಕಾರ್ನ್. ಹುಡುಗಿ ದುಃಖಿತೆಯಾಗಿರುವುದಕ್ಕೆ, ಗಂಡಸಿನ ಬಟ್ಟೆ ಹರಿದಿರುವುದಕ್ಕೆ ಕಥೆಯಲ್ಲಿ ಕಾರಣವಿಲ್ಲ, ಕಾರಣವಿರುವುದು ಕೊಂಬಿನಲ್ಲಿ. ಪ್ರಾಸವಿಲ್ಲದ ಗಿಡ್ಡ ಸರಪಣಿಯೊಂದಕ್ಕೆ ಪ್ರಾಸಬದ್ಧವಾದ ಎರಡನೆಯ ಸ್ತರ ಬೆಸೆದುಕೊಂಡಿದೆ ಎಂದು ಇದರಿಂದ ಊಹಿಸಬಹುದು.

ಈ ಪ್ರಾಸಪದಗಳು ಭಾಷಾಚರಿತ್ರೆಯ ದೃಷ್ಟಿಯಿಂದ ಬಹಳ ಸ್ವಾರಸ್ಯಕರವಾದವು. ಹಾರ್ನ್, ಕಾರ್ನ್ ಎರಡೂ ಹಳೆಯ ಇಂಗ್ಲಿಷಿನಿಂದಲೇ ಇದೇ ಆಕಾರದ ನಾಮಪದಗಳು. ಲ್ಯಾಟಿನ್ನಿನ ಕೊರ್ನು, ಗ್ರಾನುಮ್ ಎಂಬ ಜ್ಞಾತಿಪದಗಳೊಡನೆ ಇಟ್ಟುನೋಡಿದರೆ ಗ್ರಿಮ್‌ನ ನಿಯಮದ ಪಾಠವೇ ಆಗುತ್ತದೆ. ಇಲ್ಲಿನ ಕಾರ್ನ್ ಎಂದರೆ ಮೆಕ್ಕೆಜೋಳವಲ್ಲ, ಒಟ್ಟಾರೆ ಧಾನ್ಯ ಎಂಬುದನ್ನೂ ನೆನಪಿಡಬೇಕು. ಮಾರ್ನ್ ಎಂಬುದು ‘ಮೊರ್ಗೆನ್’ ಎಂಬ ಎರಡಕ್ಷರದ ಪದ ಸವೆದು ಉಳಿದದ್ದು. ಟಾರ್ನ್, ಶಾರ್ನ್, ಫರ್‌ಲಾರ್ನ್ ಮೂರೂ ಪ್ರಬಲ ಧಾತುಗಳ ಭೂತಕೃದಂತಗಳು. ಕೊನೆಯದು ‘ಕಳೆದುಕೊಳ್ಳು’ ಎಂಬರ್ಥದ ಧಾತುವಿನದು. ‘ಲೂಸ್’ ಎಂಬಲ್ಲಿನ ಸಕಾರಕ್ಕೂ ಇದರಲ್ಲಿನ ರೇಫಕ್ಕೂ ಇರುವ ಸಂಬಂಧ ವೆರ್ನರ್‌ನ ನಿಯಮದ ಅವಶೇಷ. ಹಳೆಯ ಇಂಗ್ಲಿಷಿನಲ್ಲಿ ಈ ಆರೂ ಪದಗಳು ಪರಸ್ಪರ ಪ್ರಾಸಗೂಡುತ್ತಿರಲಿಲ್ಲ. ಅಂತ್ಯಾಕ್ಷರಗಳು ಸವೆದ ಮೇಲೆಯೇ ಈ ಪ್ರಾಸಮಾಲೆ ಸಾಧ್ಯವಾಯಿತು.

ಆಗಲೂ ಅದು ಎಲ್ಲೆಡೆ ಶುದ್ಧಪ್ರಾಸವಾಗಿರಲಿಲ್ಲ. ಜಾನ್ ವೆಲ್ಸ್ 1982ರಲ್ಲಿ ‘ನಾರ್ತ್’ ಮತ್ತು ‘ಫೋರ್ಸ್’ ಎಂದು ಹೆಸರಿಸಿದ ಎರಡು ಪದವರ್ಗಗಳಲ್ಲಿ ಹಾರ್ನ್, ಕಾರ್ನ್, ಮಾರ್ನ್ ಮೊದಲನೆಯದಕ್ಕೂ ಟಾರ್ನ್, ಶಾರ್ನ್ ಎರಡನೆಯದಕ್ಕೂ ಸೇರುತ್ತವೆ. ಸ್ಕಾಟ್‌ಲೆಂಡ್ ಮತ್ತು ಐರ್ಲೆಂಡಿನ ಅನೇಕ ನುಡಿಬಗೆಗಳಲ್ಲಿ ಈ ಸ್ವರಗಳು ಇಂದಿಗೂ ಬೇರೆ ಬೇರೆ. ಅಲ್ಲಿನ ಮಗು ಈ ಗೀತೆಯನ್ನು ಹೇಳುವಾಗ ಪಾದ್ರಿಯ ಪ್ರಾಸ ಕೊಂಚ ಕುಂಟುತ್ತದೆ. ದಕ್ಷಿಣ ಇಂಗ್ಲೆಂಡಿನ ನುಡಿಯಲ್ಲಿ ಸ್ವರಗಳು ಒಂದಾದ ಬಳಿಕ ಅದು ಕುಂಟುವುದಿಲ್ಲ. ಶಿಶುಗೀತೆಗಳು ಅರೆಪ್ರಾಸವನ್ನು ಧಾರಾಳವಾಗಿ ಸಹಿಸಿಕೊಳ್ಳುವುದರಿಂದ ಇದನ್ನೇ ಕಾಲನಿರ್ಣಯದ ಸಾಧನವಾಗಿ ಬಳಸಲಾಗದು.

ಪಾದ್ರಿಯ ವಿಷಯದಲ್ಲಿ ಮಾತ್ರ ಅಂಥ ಪ್ರಯತ್ನ ನಡೆದಿದೆ. ಕೇಶಮುಂಡನ ಮಾಡಿಸಿಕೊಂಡ ಪಾದ್ರಿಯೆಂದರೆ ಕ್ಯಾಥೊಲಿಕ್ ಪಾದ್ರಿ. ಇಂಗ್ಲೆಂಡಿನಲ್ಲಿ ಅವನು ಸಾಮಾನ್ಯ ದೃಶ್ಯವಾಗಿದ್ದದ್ದು ಮತಸುಧಾರಣೆಗೆ ಮುನ್ನ. ಆದ್ದರಿಂದ ಗೀತೆ 16ನೆಯ ಶತಮಾನದ ಮಧ್ಯಭಾಗಕ್ಕಾದರೂ ಸೇರಬೇಕು ಎಂಬುದು ವಾದ. ಹ್ಯಾಲಿವೆಲ್‌ಗೂ ಇದು ಒಪ್ಪಿಗೆಯಾಗಿತ್ತು. ಆದರೆ ಈ ಬಣ್ಣನೆಯು ಸಮಾನಾರ್ಥಕವಾದ ಎರಡು ಕೃದಂತಗಳನ್ನು ಆದ್ಯಕ್ಷರದ ಹೊಂದಿಕೆಯಿಂದ ಜೋಡಿಸಿದ ಸಿದ್ಧಪದಗುಚ್ಛ. ಅದಕ್ಕೆ ಹಿಂದಿನ ಗಂಡಸಿನ ಬಣ್ಣನೆಯ ಅಚ್ಚೂ ಅದೇ. ಇಂಥ ಜೋಡಿಗಳು ತಾವು ಹೆಸರಿಸಿದ ವಸ್ತು ಮರೆಯಾದ ಮೇಲೂ ಬಹುಕಾಲ ಬಾಳುತ್ತವೆ. ನಮ್ಮ ಹಳ್ಳಿಯ ಹಾಡುಗಳಲ್ಲಿ ಇಂದಿಗೂ ಹೊನ್ನು, ವರಹಗಳ ಮಾತು ಬರುತ್ತದೆ. ಅಷ್ಟರಿಂದಲೇ ಆ ಹಾಡು ವರಹ ಚಲಾವಣೆಯಲ್ಲಿದ್ದ ಕಾಲದ್ದೆಂದು ಯಾರೂ ಹೇಳಲಾರರು. ಹಳೆಯ ಪದ ಪಠ್ಯದ ಹಳಮೆಯನ್ನು ಸಾಧಿಸುವುದಿಲ್ಲ. ಹೊಸ ಪದ ತಾನಿರುವ ಸಾಲಿನ ಹೊಸತನವನ್ನಷ್ಟೇ ಸಾಧಿಸುತ್ತದೆ.

ಪಾದ್ರಿಗಿಂತ ವಿಶ್ವಾಸಾರ್ಹವಾದ ಸುಳಿವು ‘ದಟ್’ ಎಂಬ ಪುಟ್ಟ ಪದದಲ್ಲಿದೆ. ಹುಡುಗಿ, ಪಾದ್ರಿ, ಇಲಿ, ಮನೆ ಎಂಬ ಭೇದವಿಲ್ಲದೆ ಗೀತೆ ಎಲ್ಲರಿಗೂ ಅದನ್ನೇ ಬಳಸುತ್ತದೆ. 1711ರಲ್ಲಿ ರಿಚರ್ಡ್ ಸ್ಟೀಲ್ ತನ್ನ ‘ಸ್ಪೆಕ್ಟೇಟರ್’ ಪತ್ರಿಕೆಯಲ್ಲಿ ‘ಹೂ’ ಮತ್ತು ‘ವಿಚ್’ ಎಂಬ ಸರ್ವನಾಮಗಳ ಹೆಸರಿನಲ್ಲಿ ಒಂದು ಅಹವಾಲನ್ನು ಪ್ರಕಟಿಸಿದ. ನಿನ್ನೆ ಮೊನ್ನೆ ಬಂದ ‘ದಟ್’ ತಮ್ಮ ಸ್ಥಾನವನ್ನು ಕಸಿದುಕೊಂಡಿದೆ ಎಂದು ಅವು ಅದರಲ್ಲಿ ದೂರುತ್ತವೆ. ಚರಿತ್ರೆ ತದ್ವಿರುದ್ಧ: ಸಂಬಂಧಸೂಚಕವಾಗಿ ‘ದಟ್’ ಹಳೆಯ ಇಂಗ್ಲಿಷಿನದು, ಉಳಿದೆರಡು ಆ ಕೆಲಸಕ್ಕೆ ಬಂದದ್ದು ಮಧ್ಯಕಾಲೀನ ಇಂಗ್ಲಿಷಿನಲ್ಲಿ. ಅಹವಾಲು ಹೊರಟ ನಾಲ್ಕು ದಶಕಗಳ ಬಳಿಕ ಅಚ್ಚಾದ ಶಿಶುಗೀತೆ ಆ ದೂರನ್ನು ಕೇಳಿಸಿಕೊಂಡೇ ಇಲ್ಲ. ಇದು ಬರಹದ ಶಿಷ್ಟತೆಯಿಂದ ದೂರವಿದ್ದ ಆಡುನುಡಿಯ ರಚನೆ ಎಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷ್ಯ ಗೀತೆಯಲ್ಲಿಲ್ಲ.

ಇನ್ನು ಜ್ಯಾಕ್. ಶೀರ್ಷಿಕೆಯಲ್ಲಿ ಅವನಿದ್ದಾನೆ, ಪ್ರತಿ ನುಡಿಯ ಕೊನೆಯಲ್ಲೂ ಇದ್ದಾನೆ; ಆದರೆ ಗೀತೆ ಒಮ್ಮೆಯೂ ಅವನನ್ನು ಬೆರಳುಮಾಡಿ ತೋರಿಸುವುದಿ��್ಲ. ಉಳಿದ ಪ್ರತಿ ನಾಮಪದವೂ ಒಮ್ಮೆ ವಿಶೇಷ್ಯವಾಗುತ್ತದೆ. ಜ್ಯಾಕ್ ಎಂದೂ ಆಗುವುದಿಲ್ಲ. ವ್ಯಾಕರಣವೇ ಅವನನ್ನು ದೃಶ್ಯದಿಂದ ಹೊರಗಿಟ್ಟಿದೆ. ‘ಹದ್ ಗದ್ಯಾ’ದ ತಂದೆಯ ಪಾಡೂ ಇದೇ. ಆದರೆ ಅಲ್ಲಿ ಸರಣಿ ಮೇಲೇರುತ್ತ ದೇವರಲ್ಲಿ ಮುಗಿಯುತ್ತದೆ, ಅದರಾಚೆಗೆ ಕೊಂಡಿ ಸೇರಿಸಲು ಜಾಗವಿಲ್ಲ. ಇಲ್ಲಿ ಅದು ಧಾನ್ಯ ಬಿತ್ತುವ ರೈತನಲ್ಲಿಗೆ ಬರುತ್ತದೆ. ಮಾಲ್ಟ್ ಆಗುವುದೂ ಧಾನ್ಯವೇ.

ವಾಕ್ಯವಿಜ್ಞಾನಿಗಳ ಕೈಯಲ್ಲಿ

20ನೆಯ ಶತಮಾನದ ಮಧ್ಯಭಾಗದಲ್ಲಿ ಇದೇ ಇಲಿ, ಬೆಕ್ಕು, ನಾಯಿಗಳು ಭಾಷಾವಿಜ್ಞಾನದ ಪುಟಗಳನ್ನು ಹೊಕ್ಕವು. ವಿಕ್ಟರ್ ಇಂಗ್ವೆ 1960ರಲ್ಲಿ ಮಂಡಿಸಿದ ಸಿದ್ಧಾಂತದಂತೆ ಬಲಕ್ಕೆ ಕವಲೊಡೆಯುವ ರಚನೆ ಸ್ಮೃತಿಗೆ ಹಗುರ, ಎಡಕ್ಕೆ ಕವಲೊಡೆಯುವುದು ಭಾರ. 1963ರಲ್ಲಿ ಚಾಮ್‌ಸ್ಕಿ ಮತ್ತು ಮಿಲ್ಲರ್ ಗೀತೆಯ ಪ್ರಾಣಿಗಳನ್ನೇ ತೆಗೆದುಕೊಂಡು ಕರ್ತೃವಿಶೇಷಣಗಳ ಬದಲು ಕರ್ಮವಿಶೇಷಣಗಳನ್ನು ಒಂದರ ಹೊಟ್ಟೆಯಲ್ಲೊಂದು ಇಟ್ಟರು. ಮೂರು ನಾಮಪದಗಳು ಸಾಲಾಗಿ ಬಂದು ಬಳಿಕ ಮೂರು ಕ್ರಿಯಾಪದಗಳು ಸಾಲಾಗಿ ಬರುವ ಆ ವಾಕ್ಯ ವ್ಯಾಕರಣಬದ್ಧ, ಆದರೆ ದುರ್ಗ್ರಾಹ್ಯ. ತೊಡಕು ಎಡಬಲಗಳದ್ದಲ್ಲ, ನಡುಸೇರಿಕೆಯದ್ದು ಎಂಬುದು ಅವರ ನಿಲುವು. ಎರಡು ವರ್ಷಗಳ ಬಳಿಕ ಚಾಮ್‌ಸ್ಕಿ, ಮಾಲ್ಟಿನ ಬದಲು ಚೀಸ್ ಇರುವ ಇಂಥದೇ ಸರಪಣಿಯೊಂದನ್ನು ಇಟ್ಟುಕೊಂಡು, ಉಚ್ಚಾರಣೆಯಲ್ಲಿ ವಿರಾಮ ಬೀಳುವ ಜಾಗಗಳು ವಾಕ್ಯಘಟಕಗಳ ಗಡಿಗಳೊಡನೆ ತಾಳೆಯಾಗುವುದಿಲ್ಲ ಎಂದು ತೋರಿಸಿದರು.

ಈ ಚರ್ಚೆಗೆ ಕನ್ನಡ ಒಂದು ಒಳ್ಳೆಯ ಒರೆಗಲ್ಲು. ನಮ್ಮಲ್ಲಿ ವಿಶೇಷಣ ಉಪವಾಕ್ಯ ಕೃದಂತದ ರೂಪದಲ್ಲಿ ವಿಶೇಷ್ಯದ ಎಡಕ್ಕೆ ಬರುತ್ತದೆ. ಒಂದು ಸರಪಣಿಯನ್ನು ಕಟ್ಟಿ ನೋಡೋಣ.

(1) ಅಜ್ಜಿ ನೆಟ್ಟ ಗಿಡ
(2) ಅಜ್ಜಿ ನೆಟ್ಟ ಗಿಡದಲ್ಲಿ ಬಿಟ್ಟ ಹಣ್ಣು
(3) ಅಜ್ಜಿ ನೆಟ್ಟ ಗಿಡದಲ್ಲಿ ಬಿಟ್ಟ ಹಣ್ಣನ್ನು ತಿಂದ ಅಳಿಲು
(4) ಅಜ್ಜಿ ನೆಟ್ಟ ಗಿಡದಲ್ಲಿ ಬಿಟ್ಟ ಹಣ್ಣನ್ನು ತಿಂದ ಅಳಿಲನ್ನು ಅಟ್ಟಿದ ನಾಯಿ

ಇಲ್ಲಿ ನಡುಸೇರಿಕೆಯಿಲ್ಲ, ಎಲ್ಲವೂ ಎಡಗವಲು. ಇಂಗ್ವೆಯ ಸಿದ್ಧಾಂತ ಭಾರವೆಂದು ಹೇಳುವ ಈ ರಚನೆ ಕನ್ನಡಿಗರ ಕಿವಿಗೆ ಸಲೀಸಾಗಿದೆ. ಓದುವಾಗ ವಿರಾಮ ಬೀಳುವುದು ವಿಭಕ್ತ್ಯಂತ ನಾಮಪದಗಳ ಬಳಿಕ: ‘ಗಿಡದಲ್ಲಿ’, ‘ಹಣ್ಣನ್ನು’, ‘ಅಳಿಲನ್ನು’. ಆ ಒಂದೊಂದು ಜಾಗದಲ್ಲೂ ಒಂದು ನಾಮಘಟಕ ನಿಜಕ್ಕೂ ಮುಗಿದಿರುತ್ತದೆ. ಆದರೆ ಇಲ್ಲಿ ಹಿಗ್ಗುವಿಕೆಯ ದಿಕ್ಕು ತಿರುಗುಮುರುಗು. ಇಂಗ್ಲಿಷಿನಲ್ಲಿ ಹೊಸಬ ಮೊದಲು ಬರುತ್ತಾನೆ, ಹಳೆಯ ಬಾಲ ಬಾಯಿಪಾಠವಾಗಿ ಹಿಂಬಾಲಿಸುತ್ತದೆ. ಜ್ಯಾಕ್ ಪಲ್ಲವಿಯಂತೆ ಕೊನೆಯಲ್ಲಿ ನಿಲ್ಲುತ್ತಾನೆ. ಕನ್ನಡದಲ್ಲಿ ಅಜ್ಜಿ ಪ್ರತಿ ಸಲವೂ ಮೊದಲಿಗೆ ಬರುತ್ತಾಳೆ, ಹೊಸ ಪ್ರಾಣಿ ಯಾವುದೆಂಬುದು ಕಟ್ಟಕಡೆಯ ಪದದವರೆಗೆ ಗುಟ್ಟಾಗಿರುತ್ತದೆ. ಅನುವಾದಕ ಎಷ್ಟೇ ನಿಷ್ಠನಾಗಿದ್ದರೂ ಗೀತೆಯ ಉಸಿರಾಟ ಬದಲಾಗುತ್ತದೆ. ಅದು ಒಗಟಿಗೆ ಹತ್ತಿರವಾಗುತ್ತದೆ.

ನಮ್ಮ ಅಲಂಕಾರಶಾಸ್ತ್ರಕ್ಕೆ ಈ ದಿಕ್ಕಿನ ಪರಿವೆ ಇತ್ತು. ಮಮ್ಮಟನು ಏಕಾವಳಿಯನ್ನು ವಿವರಿಸುವಾಗ ಮುಂದುಮುಂದಿನದು ಹಿಂದುಹಿಂದಿನದಕ್ಕೆ ವಿಶೇಷಣವಾಗುವುದನ್ನೇ ಲಕ್ಷಣವಾಗಿ ಹಿಡಿಯುತ್ತಾನೆ. ಜ್ಯಾಕನ ಮನೆಯ ಯಾವುದೇ ನುಡಿಯನ್ನು ಎಡದಿಂದ ಬಲಕ್ಕೆ ಓದಿದರೆ ಅದು ಏಕಾವಳಿ. ಮೇಲಿನ (4) ಅಲ್ಲ. ಅಲ್ಲಿ ಹಿಂದಿನದು ಮುಂದಿನದಕ್ಕೆ ವಿಶೇಷಣ.

ಚಾಮ್‌ಸ್ಕಿ ಮತ್ತು ಮಿಲ್ಲರರ ದುರ್ಗ್ರಾಹ್ಯ ವಾಕ್ಯದ ಮಾದರಿಯನ್ನು ಕನ್ನಡಕ್ಕೆ ತಂದರೆ ಇನ್ನೂ ಸ್ವಾರಸ್ಯ.

(5) ನಾಯಿ ಅಟ್ಟಿದ ಅಳಿಲು ತಿಂದ ಹಣ್ಣು

ಇಂಗ್ಲಿಷಿನಲ್ಲಿ ನಡುಸೇರಿಕೆಯಿಂದ ನುಚ್ಚುನೂರಾಗುವ ಇದೇ ಸಂಬಂಧಗಳು ಕನ್ನಡದಲ್ಲಿ ಸಾಲಾಗಿ ನಿಲ್ಲುತ್ತವೆ. ಕರ್ತೃಪದ ಉಪವಾಕ್ಯದ ಎಡತುದಿಯಲ್ಲಿ ಇರುವುದೇ ಕಾರಣ. ಇಲ್ಲಿರುವ ತೊಡಕು ಬೇರೆ ಬಗೆಯದು. ನಪುಂಸಕ ನಾಮಪದ ದ್ವಿತೀಯಾ ಪ್ರತ್ಯಯವಿಲ್ಲದೆಯೂ ಕರ್ಮವಾಗಬಲ್ಲುದರಿಂದ, ‘ನಾಯಿ ಅಟ್ಟಿದ ಅಳಿಲು’ ಎಂಬಲ್ಲಿ ಅಟ್ಟಿದ್ದು ಯಾರು ಎಂಬುದನ್ನು ಲೋಕಜ್ಞಾನವೇ ಹೇಳಬೇಕು. (4)ರಲ್ಲಿ ‘ಅನ್ನು’ ಪ್ರತ್ಯಯ ಹೊರುವ ಭಾರ ಎಷ್ಟೆಂಬುದು (5)ರೊಡನೆ ಹೋಲಿಸಿದಾಗ ತಿಳಿಯುತ್ತದೆ. ಕನ್ನಡಕ್ಕೂ ನಡುಸೇರಿಕೆಯ ಕಷ್ಟ ಇದ್ದೇ ಇದೆ:

(6) ಅಜ್ಜಿಯು ಮೊಮ್ಮಗನು ಗೆಳೆಯನು ಕೊಟ್ಟ ದುಡ್ಡಿನಿಂದ ಕೊಂಡ ಗಿಡವನ್ನು ನೆಟ್ಟಳು

ಮೂರು ಪ್ರಥಮಾಂತಗಳು ಒತ್ತೊತ್ತಾಗಿ ನಿಂತ ಈ ವಾಕ್ಯದಲ್ಲಿ ಓದುಗ ಮುಗ್ಗರಿಸುತ್ತಾನೆ. ‘ಗೆಳೆಯನು ಕೊಟ್ಟ ದುಡ್ಡಿನಿಂದ ಮೊಮ್ಮಗನು ಕೊಂಡ ಗಿಡವನ್ನು ಅಜ್ಜಿಯು ನೆಟ್ಟಳು’ ಎಂದು ಪದಕ್ರಮವನ್ನು ಬದಲಿಸಿದೊಡನೆ ಹಾದಿ ತೆರವಾಗುತ್ತದೆ. ‘ಯಾವ ಅಳಿಲು ಹಣ್ಣನ್ನು ತಿಂದಿತೋ ಆ ಅಳಿಲನ್ನು’ ಎಂಬ ಯತ್ತದ್ ರಚನೆಯೂ ನಮಗೆ ಲಭ್ಯ. ಆದರೆ ಅದರಲ್ಲಿ ಪ್ರತಿ ಕೊಂಡಿಗೂ ನಾಮಪದ ಎರಡು ಸಲ ಬರಬೇಕಾಗುತ್ತದೆ. ಮೂರನೆಯ ಕೊಂಡಿಗೇ ಸರಪಣಿ ಜೋತುಬೀಳುತ್ತದೆ. ಶಾಸನದ ಕರಾರಿಗೆ ಒಪ್ಪುವ ರಚನೆ ಮಗುವಿನ ನಾಲಿಗೆಗೆ ಒಗ್ಗುವುದಿಲ್ಲ.

ದ್ರಾವಿಡ ಭಾಷೆಗಳ ಮಕ್ಕಳು ಸರಪಣಿ ಕಥೆಗಳಿಲ್ಲದೆ ಬೆಳೆದವರೇನಲ್ಲ. ತೆಲುಗಿನ ಪ್ರತಿ ಮನೆಗೂ ಪರಿಚಿತವಾದ ಏಳು ಮೀನುಗಳ ಕಥೆಯನ್ನು ನೋಡಬಹುದು. ರಾಜನ ಏಳು ಮಕ್ಕಳು ತಂದ ಏಳು ಮೀನುಗಳಲ್ಲಿ ಒಂದು ಒಣಗಲಿಲ್ಲ. ಏಕೆಂದು ಮೀನನ್ನು ಕೇಳಿದರೆ ಹುಲ್ಲು ಅಡ್ಡಬಂದಿತೆನ್ನುತ್ತದೆ. ಹುಲ್ಲನ್ನು ಕೇಳಿದರೆ ಹಸು ಮೇಯಲಿಲ್ಲವೆನ್ನುತ್ತದೆ. ಹಸು ದನಗಾಹಿಯನ್ನು, ದನಗಾಹಿ ಅನ್ನವಿಕ್ಕದ ಹೆಂಗಸನ್ನು, ಅವಳು ಅಳುವ ಮಗುವನ್ನು, ಮಗು ಕಚ್ಚಿದ ಇರುವೆಯನ್ನು ತೋರಿಸುತ್ತವೆ. ಇಲ್ಲಿ ಕೃದಂತಗಳ ಹೆಣಿಗೆಯಿಲ್ಲ. ಪ್ರಶ್ನೆ, ಉತ್ತರ, ಮತ್ತೆ ಪ್ರಶ್ನೆ. ಪ್ರತಿ ಕೊಂಡಿಯೂ ಪೂರ್ಣ ವಾಕ್ಯ, ಹಿಂದಿನದನ್ನು ಮರಳಿ ಹೇಳುವ ಹೊರೆಯೂ ಇಲ್ಲ. ಯೋಕೆಲನ ಹಾಡಿನ ಸ್ವತಂತ್ರ ವಾಕ್ಯಗಳಿಗೆ ಇದು ಹತ್ತಿರ. ಹಾಗೆಂದು ತೆಲುಗು ವ್ಯಾಕರಣವೇ ಈ ರೂಪವನ್ನು ವಿಧಿಸಿತೆನ್ನುವಂತಿಲ್ಲ: ಜರ್ಮನ್ನಿಗೂ ಇಂಗ್ಲಿಷಿಗೂ ವಿಶೇಷ್ಯದ ಬಲಕ್ಕೆ ಬರುವ ಉಪವಾಕ್ಯಗಳಿದ್ದರೂ ಯೋಕೆಲನ ಮತ್ತು ಹಂದಿಯ ಕಥೆಗಳು ಅವನ್ನು ಬಳಸಲಿಲ್ಲ. ವ್ಯಾಕರಣ ಒಂದೊಂದು ವಿನ್ಯಾಸಕ್ಕೂ ಒಂದೊಂದು ಬೆಲೆ ಕಟ್ಟುತ್ತದೆ. ಯಾವುದನ್ನು ಕೊಳ್ಳಬೇಕೆಂಬುದು ಕಥೆ ಹೇಳುವವರಿಗೆ ಬಿಟ್ಟದ್ದು. ತೆಲುಗು ಕಥೆ ಆರಿಸಿಕೊಂಡ ವಿನ್ಯಾಸದಲ್ಲಿ ಸರಪಣಿಯ ತಳದಲ್ಲಿರುವ ಇರುವೆಗೆ ಮಾತಾಡುವ ಸರದಿ ಸಿಗುತ್ತದೆ: ನನ್ನ ಬಂಗಾರದ ಹುತ್ತದಲ್ಲಿ ಬೆರಳಿಟ್ಟರೆ ಕಚ್ಚದಿರುವೆನೇ ಎಂದು ಅದು ಕೇಳುತ್ತದೆ. ಕರ್ಮವಿಶೇಷಣದ ಒಳಗೆ ಕುಳಿತ ಜ್ಯಾಕನಿಗೆ ಅಂಥ ಸರದಿ ಬರುವುದಿಲ್ಲ.